ಸಬ್ಸಿಡಿಗೆ ಮುಂಚಿನ ಕಾಫಿ

ತೊಂಬತ್ತರ ದಶಕದ ಕೊನೆಯಲ್ಲಿ, ಪಾಳ್ಯದಲ್ಲಿ ಕಾಫಿಪುಡಿ ಮಾಡುವ ಸಣ್ಣ ಘಟಕಕ್ಕೆ ಸರ್ಕಾರದ ಸಬ್ಸಿಡಿ ಕೇಳಿ ಅರ್ಜಿ ಹಾಕಿದ್ದೆ. ಅಧಿಕಾರಿ ಬಂದು ನೋಡಿ ಮಂಜೂರು ಮಾಡುವ ತನಕ ಯಂತ್ರ ಓಡಿಸಬಾರದು, ಓಡಿಸಿದರೆ ಸಬ್ಸಿಡಿ ಇಲ್ಲ ಎಂಬುದು ನಿಯಮ. ನಾವು ಸರ್ಕಾರದ ಮೇಲೆ ಪೂರ್ಣ ಗೌರವ ಇಟ್ಟುಕೊಂಡೇ ಹದಿನೈದು ದಿನದಿಂದ ಓಡಿಸುತ್ತಿದ್ದೆವು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಯಂತ್ರವನ್ನು ಒರೆಸಿ, ಪೂಜೆ ಮಾಡಿಟ್ಟ ಹೊಸದು ಎನಿಸಲೆಂದು ಹುರಿಯುವ ಡ್ರಮ್ಮಿಗೆ ವಿಭೂತಿ ಬಳಿದು, ಪುಡಿಯ ಡಬ್ಬಗಳನ್ನೆಲ್ಲ ಹುಲ್ಲಿನ ಮೆದೆಯಲ್ಲಿ ಅಡಗಿಸಿದೆ. ಅವರು ಸುತ್ತ ನೋಡಿ ತಲೆಯಾಡಿಸಿದರು. ಆದರೆ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದು ನಮ್ಮ ಅವ್ವನ ಕಾನೂನಿನಲ್ಲಿ ಅಪರಾಧ.

ಎರಡು ಗುಟುಕು ಕುಡಿದ ಅಧಿಕಾರಿ, "ಭಾರಿ ಚೆನ್ನಾಗಿದೆಯಲ್ಲಮ್ಮ, ಯಾವ ಅಂಗಡಿ ಪುಡಿ?" ಎಂದರು.

ಅವ್ವನಿಗೆ ಅವಮಾನವಾಯಿತು. "ಅಂಗಡೀದ್ಯಾಕೆ ಸ್ವಾಮಿ? ನಮ್ ಮಿಷಿನ್ದೇ. ಹದಿನೈದು ದಿನದಿಂದ ಅರ್ಧ ಊರಿಗೆ ಇದೇ ಹೋಗ್ತೈತೆ."

ನಾನು ಹುಲ್ಲಿನ ಮೆದೆಯ ಕಡೆ ನೋಡಿದೆ. ಅಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

ಅಧಿಕಾರಿ ಲೋಟ ಕೆಳಗಿಟ್ಟು ಬಹಳ ಹೊತ್ತು ಫೈಲು ನೋಡಿದರು. ಆಮೇಲೆ ಪೆನ್ನು ತೆಗೆದು, "ಯಂತ್ರವನ್ನು ಪರೀಕ್ಷೆಗಾಗಿ ಮಾತ್ರ ಓಡಿಸಲಾಗಿದೆ. ಫಲಿತಾಂಶ" ಎಂದು ಬರೆದು ನಿಲ್ಲಿಸಿದರು.

"ಒಂದೇ ಲೋಟದಲ್ಲಿ ಹೆಂಗಮ್ಮ ಹೇಳೋದು?" ಎಂದರು.

ಅವ್ವ ಎರಡನೆಯ ಲೋಟ ತಂದಳು. ಅದು ಖಾಲಿಯಾದ ಮೇಲೆ ವರದಿಗೆ "ತೃಪ್ತಿಕರ" ಎಂಬ ಪದ ಬಂತು. ಮಳೆಗಾಲಕ್ಕೆ ಮುಂಚೆ ಸಬ್ಸಿಡಿಯೂ ಬಂತು.

ನಾನು ನನ್ನ ಬುದ್ಧಿವಂತಿಕೆಯ ಬಗ್ಗೆ ಏನಾದರೂ ಹೇಳಲು ಹೊರಟರೆ ಅವ್ವ ಕೇಳುತ್ತಿದ್ದಳು: "ಸಬ್ಸಿಡಿ ಏನ್ ನಿನ್ ಹುಲ್ಲಿನ ಮೆದೆಯಿಂದ ಬಂತೇನೋ?"