ಸಾಯಬೇಕಿದ್ದ ಸಾಲು

ಬೀಜವನ್ನು ಚಳಿಯಲ್ಲಿ ಕೊಂದು ನೋಡುವುದು ನನ್ನ ಉದ್ಯೋಗವಾಗಿತ್ತು. ಮದುವೆಮನೆಗಳಲ್ಲಿ ಇದನ್ನು ವಿವರಿಸುವುದು ಕಷ್ಟ. ‘ಸಂಶೋಧನೆ’ ಎಂದು ಗಂಭೀರವಾಗಿ ಹೇಳಿ ಹೋಳಿಗೆಯ ಕಡೆ ತಿರುಗುತ್ತಿದ್ದೆ.

ವಿಷಯ ಮಾತ್ರ ಸರಳ. ನಮ್ಮ ಕೋಲಾರದ ಕಡೆ ಮಾಗಿಯಲ್ಲಿ ಬೋರ್‌ವೆಲ್ ನೀರು ನಂಬಿ ಮೇವಿನ ಜೋಳ ಬಿತ್ತುತ್ತಾರೆ. ಮಣ್ಣು ತಣ್ಣಗಿದ್ದರೆ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಬೇಸಿಗೆ ಬಂದಾಗ ಹಸುಗಳ ಮುಂದೆ ಹಸಿರಿರುವುದಿಲ್ಲ. ಚಳಿಯಲ್ಲೂ ಮೊಳೆಯುವ ಜೋಳ ಬೇಕೆಂದರೆ, ತಣ್ಣನೆಯ ಮಣ್ಣಿಗೆ ಬೀಜ ಹಾಕಿ, ಸಾಯುವವು ಸತ್ತ ಮೇಲೆ ಉಳಿದವುಗಳಿಂದ ಬೀಜ ಹಿಡಿದು, ಮುಂದಿನ ಮಾಗಿಯಲ್ಲಿ ಮತ್ತೆ ಅದೇ ಹಿಂಸೆ ಕೊಡಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಒಂದು ತಳಿಯ ಮೇಲೆ ನನಗೆ ನಂಬಿಕೆ ಬಂದಿತ್ತು. ಸಂಸ್ಥೆಯ ತೋಟದಲ್ಲಿ ಅದು ಗೆದ್ದಿತ್ತು. ರೈತರ ಹೊಲದ ಚಳಿಯನ್ನೂ ತಡೆಯುತ್ತದೆಯೇ ಎಂಬುದು ಆ ಮಾಗಿಯಲ್ಲೇ ತಿಳಿಯಬೇಕಿತ್ತು, ಏಕೆಂದರೆ ಬೇಸಿಗೆಗೆ ನನಗೆ ನಿವೃತ್ತಿ.

ಬೈರಕೂರಿನ ಹತ್ತಿರ ರೈತ ದಂಪತಿ ಮಾವಿನ ತೋಪಿನ ಪಕ್ಕದ ತುಂಡು ಹೊಲ ಬಿಟ್ಟುಕೊಟ್ಟರು. ಗಂಡ ಮಿತಭಾಷಿ. ಅವರ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದರು. ನನ್ನ ತಳಿಯ ನಡುನಡುವೆ ಮಾಮೂಲಿ ಜೋಳದ ಒಂದೊಂದು ಸಾಲು ಹಾಕಿದೆ. ಅದು ಸತ್ತರೆ ಮಾತ್ರ ಚಳಿ ಸಾಕಷ್ಟಿತ್ತೆಂದು ಲೆಕ್ಕ. ಸಾಯುವುದೇ ಅದರ ಸರ್ಕಾರಿ ಕರ್ತವ್ಯ.

ಚಳಿ ಚೆನ್ನಾಗಿಯೇ ಬಿತ್ತು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಮಫ್ಲರಿನೊಳಗಿಂದ ಮುಳಬಾಗಿಲಿನ ಹೆಸರು ಕೂಗಿದರೆ ಸದ್ದಿಗಿಂತ ಹಬೆಯೇ ಹೆಚ್ಚು ಬರುತ್ತಿತ್ತು. ಇಡೀ ಬಸ್ಸಿನಲ್ಲಿ ಹಿಗ್ಗಿದವನು ನಾನೊಬ್ಬನೇ.

ಹೋಗಿ ನೋಡಿದರೆ ಹೊಲವೆಲ್ಲ ಹಸಿರು. ನನ್ನ ತಳಿ ಎದ್ದಿತ್ತು! ಎದೆ ಉಬ್ಬಿತು. ಮರುಗಳಿಗೆಯಲ್ಲೇ ಇಳಿಯಿತು. ಮಾಮೂಲಿ ಜೋಳವೂ ಎದ್ದು, ಕರ್ತವ್ಯಲೋಪದ ಅಳುಕೇನೂ ಇಲ್ಲದೆ ಗಾಳಿಗೆ ತೂಗುತ್ತಿತ್ತು. ಬದುವಿನ ಮೇಲೆ ರಾಗಿಹುಲ್ಲು ರಾಶಿ ಬಿದ್ದಿತ್ತು.

“ಇದೇನಮ್ಮ ಹುಲ್ಲು?”

“ಹೊದಿಸಿದ್ದು ಸಾರ್. ಸಂಜೆ ಹೊದಿಸೋದು, ಬಿಸಿಲು ಬಂದ್ಮೇಲೆ ತೆಗೆಯೋದು. ಟಮೋಟ ಪಾತಿಗೆ ಮಾಡಲ್ವಾ, ಹಂಗೆ.”

“ಯಾರು ಹೇಳಿದ್ರು ನಿಮ್ಗೆ?”

“ಯಾರ್ ಹೇಳ್ಬೇಕು? ಪಾಪಂ, ಈ ಚಳೀಲಿ ಹಂಗೇ ಬಿಟ್ರೆ ಚಚ್ಚಿಪೋತಾಯಿ ಸಾರ್.”

“ಸಾಯ್ಲಿ ಅಂತಾನೇ ಹಾಕಿದ್ದಮ್ಮ!”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನ ಕಡೆ ತಿರುಗಿದರು. “ಏನ್ರೀ, ಸಾರ್ ತಿಂಡಿ ತಿಂದಿಲ್ಲ ಅನ್ಸುತ್ತೆ.”

ಗಂಡ ಬಾಯಿಬಿಟ್ಟರು: “ಏನ್ ಸಾರ್, ಗೌರ್ಮೆಂಟ್‌ನೋರು ಸಾಯ್ಸಕ್ಕೂ ಬೀಜ ಕೊಡ್ತಾರಾ?”

ಉಪ್ಪಿಟ್ಟು ತಿನ್ನುತ್ತಾ ಎಲ್ಲವನ್ನೂ ವಿವರಿಸಿದೆ. ನನಗೆ ಸಿಟ್ಟು ಬಂದಿತ್ತು, ತೋರಿಸಲು ಜಾಗವಿರಲಿಲ್ಲ. ಪ್ರತಿ ಸಂಜೆ ಬೆನ್ನು ಬಗ್ಗಿಸಿ ಹುಲ್ಲು ಹರಡಿದವರನ್ನು ಏನೆಂದು ಬೈಯುವುದು? ಚಳಿ ಇಳಿಯುವುದರೊಳಗೆ ಇದನ್ನು ಉತ್ತು ಮತ್ತೆ ಬಿತ್ತೋಣ ಎಂದೆ.

“ಬದುಕಿರೋ ಪೈರಿನ ಮೇಲೆ ಟ್ರ್ಯಾಕ್ಟರ್ ಬಿಡ್ತೀರಾ? ಬಿಡ್ರಿ ನೋಡೋಣ. ಮೊದ್ಲು ನನ್ ಮೇಲೆ ಬಿಡ್ರಿ.”

ಕೊನೆಗೆ ಮಳೆನೀರು ನಿಲ್ಲುವ ಕುಂಟೆಯ ಪಕ್ಕದ ತಗ್ಗು ಪಟ್ಟಿಯೊಂದು ಸಿಕ್ಕಿತು. ಹೊಲದಲ್ಲೆಲ್ಲ ಹೆಚ್ಚು ಚಳಿ ನಿಲ್ಲುವ ಜಾಗ ಅದು. ನನ್ನ ಬಳಿ ಉಳಿದಿದ್ದ ಎರಡೂ ಬಗೆಯ ಬೀಜವನ್ನೆಲ್ಲ ಅಲ್ಲಿಗೆ ಸುರಿದೆ. ಮುಟ್ಟುವುದಿಲ್ಲವೆಂದು ಆಕೆ ಮಾತು ಕೊಟ್ಟರು, ಮುಖ ಮಾತ್ರ ಕೊಡಲಿಲ್ಲ. ದಿನಾ ಬೆಳಿಗ್ಗೆ ಫೋನು ಬರುತ್ತಿತ್ತು. “ಇನ್ನೂ ಎದ್ದಿಲ್ಲ ಸಾರ್,” ಎಂಬ ಆ ದನಿ ಆಸ್ಪತ್ರೆಯ ವರಾಂಡದಿಂದ ಬಂದಂತಿರುತ್ತಿತ್ತು. ನನಗೂ ಅನ್ನ ಸೇರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೋದೆ. ಮಾಮೂಲಿ ಜೋಳ ಈ ಸಲ ಕರ್ತವ್ಯ ಮುಗಿಸಿತ್ತು, ಒಂದೂ ಎದ್ದಿರಲಿಲ್ಲ. ನನ್ನ ತಳಿಯ ಸಾಲಿಗೆ ಬಂದೆ. ಅಲ್ಲೂ ಬರೀ ಮಣ್ಣು, ನಡುವೆ ಎಲ್ಲೋ ಒಂದೊಂದು ಬಡಕಲು ಸಸಿ. ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಕೆದಕಿದೆ. ಬೀಜ ಸಿಕ್ಕಿತು. ಒತ್ತಿದರೆ ಗಂಜಿಯಂತೆ ಹೊರಬಂತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. “ನಿಮ್ದು ಬದುಕುತ್ತೆ ಅಂದಿದ್ರಲ್ಲ ಸಾರ್?”

“ಅಂದಿದ್ದೆ.”

ತೋಟದಲ್ಲಿ ಗೆದ್ದದ್ದು ಇಲ್ಲಿ ಏಕೆ ಸೋತಿತು? ತಗ್ಗಿನ ನೀರೋ, ಮಣ್ಣೋ, ನಮ್ಮ ತೋಟದ ಚಳಿಯೇ ಸುಳ್ಳೋ, ತಿಳಿಯಲಿಲ್ಲ. ಎದ್ದ ನಾಲ್ಕಾರು ಸಸಿಗಳಲ್ಲೇನಾದರೂ ಇದ್ದೀತು ಎಂಬುದಷ್ಟೇ ಉಳಿದ ವಿಜ್ಞಾನ. ಅವು ತೆನೆ ಕಟ್ಟಿ ಬೀಜವಾಗಬೇಕು. ಆ ಬೀಜ ಮತ್ತೆ ಚಳಿ ಕಾಣಬೇಕು. ಹೀಗೇ ಇನ್ನಷ್ಟು ವರ್ಷ. ಗುರುತಿಗೆಂದು ಪ್ರತಿ ಸಸಿಯ ಪಕ್ಕ ಒಂದೊಂದು ಕಡ್ಡಿ ಚುಚ್ಚುತ್ತಾ ಹೋದೆ.

“ಬರೋ ಮಾಗೀಲಿ ಇವನ್ನ ಯಾರ್ ಹಾಕ್ತಾರೆ ಸಾರ್?”

“ನನ್ನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲಮ್ಮ.”

“ಬಿತ್ತೋದಾದ್ರೆ ನಾವೇ ಬಿತ್ತೀವಿ. ಆಮೇಲೆ ಸುಮ್ನೆ ನೋಡ್ತಾ ಇರೋದು... ಅದು ನನ್ ಕೈಲಾಗಲ್ಲ ಸಾರ್. ಈಗ್ಲೇ ಹೇಳ್ಬಿಡ್ತೀನಿ.”

ಇನ್ನೊಂದು ಕಡ್ಡಿ ಚುಚ್ಚಿದೆ. ಆ ಸಾಲಿನಲ್ಲಿ ಅದೇ ಕೊನೆಯ ಸಸಿ.