ಜೊವೆಲಿನಾಳ ದೋಣಿಗೆ ಕಪ್ಪು ಬಣ್ಣ

ಮಡೇರಾ ನದಿಯ ನಮ್ಮ ದಂಡೆಯಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುವವಳು ಜುಸಿಲೇಡಿ. ಒಂದು ಬೆಳಿಗ್ಗೆ ಅವಳ ಮೈದುನ ಎಡಿವಾನ್ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಅಂಗಳಕ್ಕೆ ಎಳೆದು ತಂದ.

“ಅತ್ತಿಗೆ, ಸಂಜೆಯೊಳಗೆ ಇದು ಕಪ್ಪಗಾಗ್ಬೇಕು.”

“ಯಾರದ್ದೋ ಇದು?”

“ನಂದೇ ಅನ್ಕೋ. ಅಣ್ಣ ದಿನಾ ಒಬ್ನೇ ಮೀನಿಗೆ ಹೋಗ್ತಾನಲ್ವಾ? ಜಾಸ್ತಿ ಕೇಳ್ಬೇಡ.”

ಅವನು ನಗುತ್ತಲೇ ಹೇಳಿದ. ಗಂಡನ ಮೇಲಿನ ಬೆದರಿಕೆ ಅರ್ಥವಾಗಿ ಅವಳು ಉಜ್ಜುಗಾಗದ ಕೈಗೆತ್ತಿಕೊಂಡಳು.

ಅವಸರದಲ್ಲಿ ಬಳಿದಿದ್ದ ಹಸಿರನ್ನು ಉಜ್ಜಿದಾಗ ಅಡಿಯಲ್ಲಿ ‘ಜೊವೆಲಿನಾ’ ಎಂಬ ಬಿಳಿ ಅಕ್ಷರಗಳು ಕಂಡವು. ನದಿಯಿಂದ ಕಳ್ಳತನದಲ್ಲಿ ಚಿನ್ನ ತೆಗೆಯುವವರ ಮೇಲೆ ದೂರು ಕೊಡಲು ಹೊರಟು, ದೋಣಿಯ ಸಮೇತ ಕಾಣೆಯಾದ ಸೂಲಗಿತ್ತಿ ಅವಳು. ಜುಸಿಲೇಡಿಯ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡ ಕೈ ಅವಳದೇ.

ಜುಸಿಲೇಡಿ ಆ ಅಕ್ಷರಗಳನ್ನು ಕೆರೆಯಲಿಲ್ಲ. ಅವುಗಳ ಮೇಲೆ ತೆಳ್ಳಗೆ ಎಣ್ಣೆ ಸವರಿ, ಅದರ ಮೇಲೆಯೇ ಕಪ್ಪು ಬಳಿದಳು.

“ಕನ್ನಡಿ ಹಂಗಿದೆ, ಅತ್ತಿಗೆ!” ಎಂದು ಎಡಿವಾನ್ ಹಿಗ್ಗಿದ.

ಕೆಲವೇ ದಿನಗಳಲ್ಲಿ, ಹರಿವಿನ ಕೆಳಗಿನ ಪಟ್ಟಣದ ದೋಣಿಕಟ್ಟೆಯಲ್ಲಿ ನಿಂತಿದ್ದ ದೋಣಿಯ ಬಣ್ಣ, ಎಣ್ಣೆ ಸವರಿದ್ದ ಕಡೆ ಹಿಡಿಯದೆ ಸುಲಿದು ಬಿತ್ತು. ಜೊವೆಲಿನಾಳ ಮಗ ಅಲ್ಲಿ ತಾಯಿಯ ಹೆಸರು ಓದಿದ. ಪೊಲೀಸರು ಎಡಿವಾನನನ್ನು ಹಿಡಿದರು. ಅವನ ಜೊತೆಗಾರರು ಸಿಗಲಿಲ್ಲ.

ಅಂದಿನಿಂದ ದಿನಾ ಮುಸ್ಸಂಜೆ ಒಂದು ಮೋಟಾರು ದೋಣಿ ಜುಸಿಲೇಡಿಯ ಅಂಗಳದೆದುರು ಬಂದು, ಎಂಜಿನ್ ಆರಿಸಿ ನಿಲ್ಲುತ್ತದೆ. ಗಂಡ ಒಳಗೆ ಕರೆಯುತ್ತಾನೆ.

“ನೋಡ್ಲಿ ಬಿಡು,” ಎನ್ನುತ್ತಾಳೆ ಜುಸಿಲೇಡಿ, ಮನೆಯ ಮೆಟ್ಟಿಲು ಬಿಟ್ಟು ಏಳದೆ.