ಓದದೆ ಸಹಿ ಮಾಡಿದ ಹೆಡ್‌ಮಾಸ್ತರರು

ಹೆಡ್‌ಮಾಸ್ತರರನ್ನು ನಾವು ಶಿಕ್ಷಕರು ಗುರುತಿಸುವುದು ಕಾಲಿನ ಸದ್ದಿನಿಂದ. ಪಾಠ ಹೇಳುವವನ ಮುಖ ಕರಿಹಲಗೆಗೆ, ಬೆನ್ನು ಬಾಗಿಲಿಗೆ. ಬರುವವರ ಗುಣ ತಿಳಿಯಲು ಅವನಿಗೆ ಕಿವಿಯೊಂದೇ ಆಧಾರ. ಮೂವತ್ತೊಂದು ವರ್ಷ ಹುಬ್ಬಳ್ಳಿ, ಧಾರವಾಡಗಳ ಕನ್ನಡ ಶಾಲೆಗಳಲ್ಲಿ ಸೀಮೆಸುಣ್ಣದ ಪುಡಿ ನುಂಗಿದ ನನಗೆ ಐವರು ಹೆಡ್‌ಮಾಸ್ತರರ ಪಾದರಕ್ಷೆಗಳ ಸದ್ದು ಇಂದಿಗೂ ಬೇರೆ ಬೇರೆಯಾಗಿ ನೆನಪಿದೆ. ಆರನೆಯವರದು ಮಾತ್ರ ನೆನಪಿಲ್ಲ. ಅವರು ಪಾದರಕ್ಷೆಗಳನ್ನು ತಮ್ಮ ಕೋಣೆಯಲ್ಲಿ ಕಳಚಿಟ್ಟು, ಬರಿಗಾಲಿನಲ್ಲಿ ಬಂದು, ಕಿಟಕಿಯ ಮಗ್ಗುಲಿಗೆ ಗೋಡೆಗೊರಗಿ ನಿಂತು ಪಾಠ ಕೇಳುತ್ತಿದ್ದರು. ಹೆಸರು ಬೇಡ; ಅವರ ಮಕ್ಕಳು ಈಗಲೂ ಮದುವೆಯ ಪಂಕ್ತಿಗಳಲ್ಲಿ ನನಗೆ ಎದುರಾಗುತ್ತಾರೆ.

ಈ ಬರಿಗಾಲಿನವರು ಒಂದು ಶ್ರಾವಣ ಸೋಮವಾರ, ಮೂರನೆಯ ತಾಸಿನಲ್ಲಿ, ನಾಲ್ಕನೆಯ ಇಯತ್ತೆಯ ಮಕ್ಕಳೆದುರಿಗೆ ನನ್ನ ಬೆರಳುಗಳಿಂದ ಸೀಮೆಸುಣ್ಣ ತೆಗೆದುಕೊಂಡರು. ನಾನು ಬಿಡಿಸಿದ್ದ ಭಾಗಾಕಾರವನ್ನು ಅಳಿಸಿದರು. ಅದೇ ಲೆಕ್ಕವನ್ನು ಅದೇ ಕ್ರಮದಲ್ಲಿ ಬಿಡಿಸಿ, ಅದೇ ಉತ್ತರವನ್ನು ಬರೆದು, “ಹಿಂಗ ಕಲಸ್ರಿ, ಮಾಸ್ತರ” ಎಂದು ಹೊರಟುಹೋದರು. ಹಿಂದಿನ ಸಾಲಿನ ಒಬ್ಬ ಹುಡುಗ ನಕ್ಕ. ಅವನು ಈಗ ವಕೀಲನಾಗಿದ್ದಾನೆ. ಎದುರು ಸಿಕ್ಕರೆ ಕೈಮುಗಿಯುತ್ತಾನೆ. ನಾನೂ ಮುಗಿಯುತ್ತೇನೆ, ಆದರೆ ನಕ್ಕದ್ದನ್ನು ಮರೆತಿಲ್ಲ. ಆ ಸೀಮೆಸುಣ್ಣದ ತುಂಡು ಎಷ್ಟು ಉದ್ದವಿತ್ತೆಂದು ಕೇಳಿದರೆ ಅದನ್ನೂ ಹೇಳಬಲ್ಲೆ.

ನಮ್ಮ ಹಿರಿಯರು ಲಕ್ಷಣಗಳನ್ನು ಬರೆದಿಡುವುದರಲ್ಲಿ ಜಿಪುಣತನ ತೋರಿದವರಲ್ಲ. ಅರಸನ ಲಕ್ಷಣ, ಮಂತ್ರಿಯ ಲಕ್ಷಣ, ಆನೆಯದು, ಕುದುರೆಯದು, ಕಡೆಗೆ ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದನ್ನೂ ಬಿಡದೆ ಬರೆದರು. ಹೆಡ್‌ಮಾಸ್ತರರ ಲಕ್ಷಣವನ್ನು ಮಾತ್ರ ಯಾರೂ ಬರೆಯಲಿಲ್ಲ. ಅಮ್ಮಿನಬಾವಿಯ ಒಕ್ಕಲಿಗನು ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎತ್ತಿಗೆ ಒಕ್ಕಲಿಗನ ಸುಳಿ ನೋಡುವ ಅವಕಾಶವಿಲ್ಲ. ಶಾಲೆಯಲ್ಲಿ ನಮ್ಮ ಸ್ಥಾನ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಧಿಕಾರಿಗಳು ಒಳ್ಳೆಯ ಹೆಡ್‌ಮಾಸ್ತರರೆಂದು ಹೊಗಳುವುದು ದಫ್ತರ ಚೊಕ್ಕಟವಾಗಿಟ್ಟವರನ್ನು, ಗೋಡೆಗೆ ಸುಣ್ಣ ಹೊಡೆಸಿದವರನ್ನು. ನಾವು ನೋಡುತ್ತಿದ್ದುದೇ ಬೇರೆ. ಬಾಗಿಲಿಗೆ ಬರುವ ಮೊದಲು ಒಮ್ಮೆ ಕೆಮ್ಮುವರೋ ಇಲ್ಲವೋ. ಬೈಯುವಾಗ ಕದ ಮುಚ್ಚುವರೋ, ತೆರೆಯುವರೋ. ಸಿಟ್ಟಿಗೆದ್ದು ಬಂದ ಪಾಲಕರನ್ನು ಪಡಸಾಲೆಯಲ್ಲಿ ಕೂರಿಸಿ ನೀರು ಕೊಡುವರೋ, ನೆಟ್ಟಗೆ ನಮ್ಮ ವರ್ಗಕ್ಕೆ ಕಳಿಸುವರೋ. ನನ್ನ ಸೋದರಮಾವನ ಹೆಂಡತಿ ತೀರಿಕೊಂಡಾಗ ನಾನು ರಜೆ ಕೇಳಲು ಹೋದರೆ, ಒಬ್ಬರು ಅರ್ಜಿಯಿಂದ ತಲೆಯೆತ್ತದೆ, “ಖಾಸ ಅತ್ತಿ ಏನ್ರಿ, ದೂರದಾಕಿನೊ?” ಎಂದು ಕೇಳಿದ್ದರು. ಆಕೆ ನನಗೆ ಎರಡು ವರ್ಷ ಅನ್ನ ಹಾಕಿದವಳು. ಆ ದಿನ ನಾನು ರಜೆಯನ್ನೇ ತೆಗೆದುಕೊಳ್ಳಲಿಲ್ಲ. ಅವರ ಉಪಕಾರ ಬೇಡವೆನಿಸಿತು.

ಇಂಥವರ ನಡುವೆ ನಮಗೆ ನದಾಫ ಮಾಸ್ತರರು ದೊರೆತರು. ಹುಬ್ಬಳ್ಳಿಯ ಹತ್ತಿ ಪೇಟೆಯ ಹಿಂದಿದ್ದ ಶಾಲೆ ಅದು. ಅವರ ಮನೆತನದ ಉದ್ಯೋಗ ಗಾದಿಗಳಿಗಾಗಿ ಹತ್ತಿ ಹಿಂಜುವುದು. ಅವರೊಬ್ಬರು ಕನ್ನಡ ಓದಿ, ಟ್ರೇನಿಂಗು ಮುಗಿಸಿ, ಹೆಡ್‌ಮಾಸ್ತರರಾಗಿದ್ದರು. ಅವರ ಮೆಟ್ಟುಗಳು ಕಿರ್ರೆಂದು ಎಷ್ಟು ಜೋರಾಗಿ ಕೂಗುತ್ತಿದ್ದುವೆಂದರೆ, ಮೂರು ಕೋಣೆಗಳಾಚೆಗೇ ಅವರು ಬರುವ ವಾರ್ತೆ ಮುಟ್ಟುತ್ತಿತ್ತು. ಎಣ್ಣೆ ಹಚ್ಚಿಸಬಾರದೇ ಎಂದು ಒಬ್ಬರು ಕೇಳಿದರು. “ಬ್ಯಾಡ್ರಿ. ಒಬ್ಬ ಮನಷ್ಯಾ ಬರಾಕತ್ತಾನಂತ ಇನ್ನೊಬ್ಬ ಮನಷ್ಯಾಗ ಗೊತ್ತಾಗಬೇಕು. ಹತ್ತಿ ಹಿಂಜೂದು ನಮ್ಮ ಮನಿ ಕೆಲಸ, ಮಂದೀನ್ನ ಹಿಂಜೂದಲ್ಲ” ಎಂದರು.

ಆದರೂ ಅವರ ಮೇಲೆ ನನ್ನದೊಂದು ತಕರಾರಿತ್ತು. ಶಾಲೆಯ ಸೂಚನೆಗಳನ್ನು ಬರೆಯುವ ಕೆಲಸ ನನ್ನದು. ಅಕ್ಷರ ಚೆನ್ನಾಗಿತ್ತು, ಗಣಿತದ ಶಿಕ್ಷಕನೆಂಬ ಗೌರವವೂ ಇತ್ತು. ನಾನು ಬರೆದೊಯ್ದ ಪ್ರತಿಯೊಂದನ್ನೂ ನದಾಫ ಮಾಸ್ತರರು ಕನ್ನಡಕ ಹಾಕಿಕೊಂಡು, ತುಟಿಯಲ್ಲಾಡಿಸುತ್ತ, ಎರಡು ಸಲ ಓದಿ ಸಹಿ ಮಾಡುತ್ತಿದ್ದರು. ನಾಲ್ಕು ತಿಂಗಳು ನಾನಿದನ್ನು ಸಹಿಸಿದೆ. ಐದನೆಯ ತಿಂಗಳಿಗೆ ಬಾಯಿ ಬಿಟ್ಟೆ.

“ನನ್ನ ಮ್ಯಾಲ ಭರವಸಾ ಇಲ್ಲೇನ್ರಿ, ಸರ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅಯ್ಯ, ಹಂಗ್ಯಾಕ ತಿಳಕೊಂಡ್ರಿ ಹಿರೇಮಠ ಮಾಸ್ತರ? ತರ್ರಿ ಇಲ್ಲೆ.” ಓದದೆ ಸಹಿ ಮಾಡಿದರು. ಅಂದಿನಿಂದ ಅವರು ನನ್ನ ಬರಹವನ್ನು ಓದಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಆಗ ಮಹಾಯುದ್ಧದ ಕಾಲ. ಸರಕಾರ ಗಡಿಯಾರಗಳನ್ನು ಒಂದು ತಾಸು ಮುಂದಕ್ಕೆ ತಳ್ಳಿತ್ತು. ಊರಿಗೆ ಎರಡು ಹೊತ್ತುಗಳಾದುವು. ರೈಲ್ವೆ ಕಾರ್ಖಾನೆಯ ಭೋಂಗಾ ಹೊಸ ತಾಸಿಗೆ ಕೂಗುತ್ತಿತ್ತು. ಮನೆಗಳ ಒಲೆ ಹಳೆಯ ತಾಸಿಗೆ ಹೊತ್ತುತ್ತಿತ್ತು. ಮಕ್ಕಳು ರೊಟ್ಟಿ ತಿಂದು ಬರಬೇಕಾದ್ದರಿಂದ ನಮ್ಮ ಶಾಲೆಯ ಗಂಟೆಯೂ ಒಲೆಯನ್ನೇ ಅನುಸರಿಸುತ್ತಿತ್ತು. ಹೀಗಿರಲು, ಇನ್‌ಸ್ಪೆಕ್ಟರ್ ಸಾಹೇಬರು ಹೊಸ ಹನ್ನೊಂದು ತಾಸಿಗೆ ತಪಾಸಣೆಗೆ ಬರುವರೆಂದು ಕಾಗದ ಬಂದಿತು. ಹೊಸ ಹನ್ನೊಂದೆಂದರೆ ಹಳೆಯ ಹತ್ತು. ಒಂದನ್ನು ಕಳೆಯಬೇಕು. ಭಾಗಾಕಾರದ ವಿಷಯದಲ್ಲಿ ಅಷ್ಟು ಅಭಿಮಾನವಿದ್ದ ನಾನು ಒಂದನ್ನು ಕೂಡಿಸಿದೆ. “ನಾಳೆ ಎಲ್ಲರೂ ಹಳೆಯ ಹನ್ನೆರಡು ತಾಸಿಗೆ ಹಾಜರಿರತಕ್ಕದ್ದು” ಎಂದು ದುಂಡಗೆ ಬರೆದು ಒಯ್ದೆ. ನದಾಫ ಮಾಸ್ತರರು ಓದದೆ ಸಹಿ ಮಾಡಿದರು; ತಾವು ಬರಬೇಕಾದ ಹೊತ್ತನ್ನೂ ನನ್ನ ಬಾಯಿಂದಲೇ ಕೇಳಿಕೊಂಡರು. ಉಳಿದ ಶಿಕ್ಷಕರಿಗೆ ಸಂಶಯ ಬಂದಿದ್ದರೂ ಬಂದಿರಬಹುದು. “ಹಿರೇಮಠ ಮಾಸ್ತರ ಲೆಕ್ಕದಾಗ ಬಾಯಿ ಹಾಕೋರು ಯಾರಪ್ಪಾ?” ಎಂದು ಅವರು ಸುಮ್ಮನಿದ್ದರಂತೆ. ಅದನ್ನೂ ನಾನು ಬಹಳ ತಡವಾಗಿ ಕೇಳಿದೆ.

ಮರುದಿನ ತೊಳೆದ ಕೋಟು, ಹೊಸ ರುಮಾಲು ಧರಿಸಿ, ನನ್ನ ಪ್ರಕಾರ ಅರ್ಧ ತಾಸು ಮೊದಲೇ ಶಾಲೆ ಸೇರಿದೆ. ಬೇವಿನ ಮರದ ಕಟ್ಟೆಯ ಮೇಲೆ ಸಾಹೇಬರು ಕುಳಿತಿದ್ದರು. ಬೀಗ ಹಾಕಿದ ಶಾಲೆಯೆದುರಿಗೆ ಅವರು ಬಹಳ ಹೊತ್ತು ಒಬ್ಬರೇ ಕುಳಿತಿದ್ದರೆಂಬುದು ಅವರ ಮುಖದ ಮೇಲಿತ್ತು. ಆಗಷ್ಟೇ ಬಂದಿದ್ದ ನದಾಫ ಮಾಸ್ತರರು ಪಕ್ಕದಲ್ಲಿ ನಿಂತಿದ್ದರು. ಬಾಗಿಲಿಗೆ ಹಚ್ಚಿದ್ದ ನನ್ನ ಸೂಚನೆ ಸಾಹೇಬರ ಕೈಯಲ್ಲಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಆ ತಿಂಗಳು ಮೊದಲ ಸಹಾಯಕ ಶಿಕ್ಷಕನ ಸ್ಥಾನಕ್ಕೆ ನನ್ನ ಹೆಸರು ಹೋಗಿತ್ತು. ಹದಿನೇಳು ವರ್ಷ ಕಾದ ಸ್ಥಾನ. ಒಂದು ಕೆಂಪು ಶೇರಾ ಬಿದ್ದರೆ, ಅಂದರೆ ಸಾಹೇಬರು ಕೆಂಪು ಮಸಿಯಲ್ಲಿ ಒಂದು ಸಾಲು ಬರೆದರೆ, ಅದು ಹೋದಂತೆಯೇ.

“ಇದನ್ನ ಬರದಾಂವ ಯಾರು?” ಎಂದರು ಸಾಹೇಬರು.

“ಕೆಳಗ ಸಹಿ ನಂದೈತ್ರಿ, ಸಾಹೇಬ್ರ. ಓದದ ಸಹಿ ಮಾಡೇನಿ. ತಪ್ಪು ನಂದು.”

“ಓದದ ಸಹಿ ಮಾಡೋರಿಗೆ ಹೆಡ್‌ಮಾಸ್ತರಕಿ ಯಾಕ ಬೇಕು?”

“ಖರೇ ಐತ್ರಿ” ಎಂದರು ನದಾಫ ಮಾಸ್ತರರು.

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಪರರು ಆಡಿದ ಒಂದೊಂದು ಮಾತನ್ನೂ ತಾರೀಖಿನೊಡನೆ ನೆನಪಿಟ್ಟ ನನಗೆ, ನಾನು ಆಡದ ಒಂದು ಮಾತು ಹೀಗೆ ನೆನಪಿರುವುದೆಂದು ಆಗ ತಿಳಿದಿರಲಿಲ್ಲ. ನನ್ನ ಹೆಸರನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ತಪಾಸಣೆ ಮುಗಿಯಿತು. ಶೇರಾ ಅವರ ಸೇವಾಪುಸ್ತಕದಲ್ಲಿ ಬಿದ್ದಿತು.

ಅವರು ನನ್ನನ್ನು ಕರೆದು ಕದ ಮುಚ್ಚಿ ಬೈಯಬಹುದೆಂದು ಎರಡು ದಿನ ಕಾದೆ. ಮೂರನೆಯ ದಿನ ಕರೆದರು. “ಸರಸ್ವತಿ ಪೂಜಾದ ಸೂಚನಾ ಒಂದು ಬರೀರಿ” ಎಂದರು. ಬರೆದೊಯ್ದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದರು. ನನಗೆ ಆದ ಸಮಾಧಾನವನ್ನು ಏನೆಂದು ಹೇಳಲಿ?

ಒಂದೂವರೆ ತಿಂಗಳಲ್ಲಿ ಹುಕುಮು ಬಂದಿತು. ನದಾಫ ಮಾಸ್ತರರಿಗೆ ಊರಿನ ಇನ್ನೊಂದು ತುದಿಯ ಎರಡು ಕೋಣೆಯ ಶಾಲೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವರು ಮೇಜಿನ ಖಾನೆ ತೆರವು ಮಾಡುತ್ತಿದ್ದಾಗ ನಾನು ಒಳಗೆ ಹೋಗಿ, ಕದವನ್ನು ನಾನೇ ಮುಚ್ಚಿದೆ.

“ಸರ, ಆ ಹನ್ನೆರಡು ನಾ ಬರದದ್ದು.”

“ಗೊತ್ತೈತಿ ಬಿಡ್ರಿ. ಅಷ್ಟು ಛಲೋ ಹನ್ನೆರಡು ಬರಿಯೋರು ಈ ಸಾಲ್ಯಾಗ ಮತ್ತ್ಯಾರದಾರ?” ಎಂದು ನಕ್ಕರು. ಆಮೇಲೆ ನಗು ನಿಂತಿತು. “ನನ್ನ ಮುಂದ ಹೇಳಿದ್ರ ನಿಮ್ಮ ಎದಿ ಹಗರಾಗತೈತಿ, ಮಾಸ್ತರ. ಅಷ್ಟ. ಹೇಳೂ ಜಾಗಾ ಬ್ಯಾರೆ ಐತಿ.”

ಇಡೀ ಸೇವೆಯಲ್ಲಿ ಅವರು ನನಗೆ ಆಡಿದ ಕಠೋರ ಮಾತು ಇದೊಂದೇ.

ಶಿಕ್ಷಕರು ಮೇಲಿನವರಿಂದ ಏನನ್ನು ಬಯಸುತ್ತಾರೆಂದು ಈಗಲೂ ಕೆಲವು ತರುಣರು ನನ್ನನ್ನು ಕೇಳುತ್ತಾರೆ. ವಿಶ್ವಾಸ, ಗೌರವ ಎಂದು ಅವರೇ ಉತ್ತರವನ್ನೂ ಹೇಳುತ್ತಾರೆ. ಅದು ನಾವು ಬಯಸುವುದು. ನಮಗೆ ಬೇಕಾದವರು ನಾವೆಷ್ಟು ಮುನಿಸಿಕೊಂಡರೂ ಕನ್ನಡಕ ಹಾಕಿಕೊಂಡು ಓದಿಯೇ ಸಹಿ ಮಾಡುವವರು. ಸಹಿ ಮಾಡಿದ ಮೇಲೆ ಅದು ತಮ್ಮದೇ ಎನ್ನುವವರು. ನದಾಫ ಮಾಸ್ತರರಲ್ಲಿ ಎರಡೂ ಇದ್ದುವು. ಮೊದಲನೆಯದನ್ನು ನಾನು ಬಿಡಿಸಿದೆ. ಎರಡನೆಯದನ್ನು ಬಿಡಿಸಲು ಸಾಹೇಬರಿಂದಲೂ ಆಗಲಿಲ್ಲ.

ಅವರು ಹೋದ ಮರುದಿನ ನಾನು ಇನ್‌ಸ್ಪೆಕ್ಟರ್ ಸಾಹೇಬರಿಗೆ ಒಂದು ಅರ್ಜಿ ಬರೆದೆ. ಅದಕ್ಕೆ ಯಾರ ಸಹಿಯನ್ನೂ ಕೇಳಲಿಲ್ಲ. ಹುಕುಮು ಹಿಂದಕ್ಕೆ ಬರಲಿಲ್ಲ. ಸರಕಾರ ಗಡಿಯಾರವನ್ನು ತಿರುಗಿಸೀತು, ಹುಕುಮನ್ನು ತಿರುಗಿಸದು. ಆದರೆ ನದಾಫ ಮಾಸ್ತರರ ಪುಸ್ತಕದಲ್ಲಿದ್ದ ಸಾಲಿನ ಮೇಲೆ ಅಡ್ಡಗೆರೆ ಬಿದ್ದಿತು. ಮೊದಲ ಸಹಾಯಕನ ಸ್ಥಾನ ನನಗಿಂತ ಆರು ವರ್ಷ ಕಿರಿಯನಾದವನಿಗೆ ಹೋಯಿತು. ನನ್ನ ಸೇವಾಪುಸ್ತಕದಲ್ಲಿ, ‘ಸಮಾಧಾನಕರ’, ‘ಸಮಾಧಾನಕರ’ ಎಂದು ಯಾರು ಯಾರೋ ನೋಡದೆ ಬರೆದ ಶೇರಾಗಳ ನಡುವೆ, ಕೆಂಪು ಮಸಿಯಲ್ಲಿ ಒಂದು ಸಾಲು ಇದೆ: ‘ಗಣಿತದಲ್ಲಿ ಎಚ್ಚರ ಸಾಲದು.’ ಮೂವತ್ತೊಂದು ವರ್ಷಗಳಲ್ಲಿ ನನಗಾದ ಅವಮಾನಗಳೆಲ್ಲ ಪರರು ಕೊಟ್ಟವು. ಇದೊಂದು ಮಾತ್ರ ನಾನೇ ಅರ್ಜಿ ಹಾಕಿ ಬರೆಸಿಕೊಂಡದ್ದು.